ಮುದ್ದಕ್ಕ ಚೆಲ್ಲಿ ತಂದ ಮೀನು

ನಮ್ಮಜ್ಜಿ ಮುದ್ದಕ್ಕನಿಗೆ ನೆಟ್ಟಗೆ ನಡೆಯಲು ಬರುತ್ತಿರಲಿಲ್ಲ. ಕಾಲು ಗಟ್ಟಿಮುಟ್ಟಾಗಿಯೇ ಇದ್ದವು, ಕಣ್ಣೂ ಚುರುಕು. ಆದರೆ ನಾಲ್ಕು ಹೆಜ್ಜೆ ಇಟ್ಟರೆ ಐದನೆಯದು ತಾನಾಗಿ ಕುಪ್ಪಳಿಸುತ್ತಿತ್ತು. ನಾನು ಕಾಣುವ ಹೊತ್ತಿಗೆ ಅವಳಿಗೆ ಎಪ್ಪತ್ತು ದಾಟಿತ್ತು. ಆಗಲೂ ಅಡುಗೆಮನೆಯಿಂದ ಮಜ್ಜಿಗೆ ಲೋಟ ಹಿಡಿದು ಜಗಲಿಗೆ ಬರುವಷ್ಟರಲ್ಲಿ ಲೋಟ ಅರ್ಧವಾಗಿರುತ್ತಿತ್ತು. "ಕುಡಿ ಕಣೋ, ಮಿಕ್ಕಿದ್ದು ನೆಲ ಕುಡೀತು" ಎಂದು ಬಾಯಿತುಂಬ ನಗುತ್ತಿದ್ದಳು. ಈ ಹೆಂಗಸು ಒಂದು ಊರಿನವರ ಕಾಲು ಉಳಿಸಿದಳು ಎಂದರೆ ಯಾರೂ ನಂಬುವುದಿಲ್ಲ. ನಂಬದವರೂ ಸ್ವಲ್ಪ ಕುಳಿತುಕೊಳ್ಳಲಿ, ಹೇಳುತ್ತೇನೆ.

ಅವಳ ತವರು ಮೊಳಕಾಲ್ಮುರು. ಅಪ್ಪ ಒಕ್ಕಲುತನದವನೇ, ಆದರೆ ಮನೆ ಇದ್ದದ್ದು ನೇಕಾರರ ಕೇರಿಯ ಬೆನ್ನಿಗೆ. ಹುಡುಗಿ ಬೆಳೆದದ್ದೆಲ್ಲ ಮಗ್ಗದ ಮನೆಗಳ ಜಗಲಿಯ ಮೇಲೆ, ರೇಷ್ಮೆ ಎಳೆ ಸುತ್ತಿಕೊಡುತ್ತಾ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುತ್ತಾ. ಬೆಳಗಿನಿಂದ ಬೈಗಿನವರೆಗೆ ಹತ್ತು ಮಗ್ಗ ಸದ್ದು ಮಾಡುವ ಕೇರಿಯಲ್ಲಿ ಬೆಳೆದ ಕಾಲು ತಾಳವಿಲ್ಲದೆ ಹೆಜ್ಜೆ ಇಡುವುದು ಹೇಗೆ? ಇದು ನನ್ನ ಊಹೆ. ಅಜ್ಜಿಯನ್ನು ಕೇಳಿದರೆ "ನೆಟ್ಟಗೆ ನಡೆದ್ರೆ ಬ್ಯಾಸರ ಆಗ್ತೈತೆ" ಎನ್ನುತ್ತಿದ್ದಳು, ಅಷ್ಟೆ.

ಅವಳನ್ನು ಮದುವೆ ಮಾಡಿಕೊಟ್ಟದ್ದು ನಮ್ಮ ಹಟ್ಟಿಗೆ. ನಾಯಕನಹಟ್ಟಿಗೂ ಕೊಂಡ್ಲಹಳ್ಳಿಗೂ ನಡುವೆ, ಬಂಡೆ ಮತ್ತು ಜಾಲಿಯ ಮಧ್ಯೆ ಮೂವತ್ತು ಮನೆ. ಕುಡಿಯುವ ನೀರಿಗೆ ಇದ್ದದ್ದು ಒಂದೇ ಮೆಟ್ಟಿಲು ಬಾವಿ. ಮಳೆಗಾಲದಲ್ಲಿ ಹತ್ತು ಮೆಟ್ಟಿಲು ಇಳಿದರೆ ನೀರು, ಬೇಸಿಗೆಯಲ್ಲಿ ಮೂವತ್ತೇಳು ಇಳಿಯಬೇಕು. ಹಾಗೆ ಇಳಿದು ಹತ್ತಿ ತಂದ ನೀರನ್ನು ದಾರಿಗೆ ಚೆಲ್ಲುವವಳನ್ನು ಆ ಊರು ಹೇಗೆ ನೋಡೀತು, ನೀವೇ ಯೋಚಿಸಿ. ನಮ್ಮ ಕಡೆ ಹೆಣ್ಣು ನೋಡಲು ಹೋದವರು ಹಾಡು ಹೇಳಿಸುತ್ತಿರಲಿಲ್ಲ. ತುಂಬಿದ ಕೊಡ ಹೊರಿಸಿ ನಡೆಸುತ್ತಿದ್ದರು. ಆಮೇಲೆ ಒಬ್ಬ ಮುದುಕಿ ಹುಡುಗಿ ನಡೆದ ದಾರಿಯಲ್ಲಿ ಬಗ್ಗಿ ನೆಲ ಮುಟ್ಟಿ ನೋಡುತ್ತಿದ್ದಳು. ನೆಲ ಒಣಗಿದ್ದರೆ ಸಂಬಂಧ ಕುದುರಿದಂತೆ. ನಮ್ಮಜ್ಜಿಯನ್ನು ನೋಡಲು ಹೋದ ದಿನ ಮೊಳಕಾಲ್ಮುರಿನಲ್ಲಿ ಜಡಿಮಳೆ ಹಿಡಿದಿತ್ತು. ಊರಿನ ನೆಲವೆಲ್ಲ ಒದ್ದೆ. ಯಾರು ಎಷ್ಟು ಚೆಲ್ಲಿದರೆಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. ಮದುವೆ ನಡೆದುಹೋಯಿತು.

ಅತ್ತೆ ಉಚ್ಚಂಗೆಮ್ಮ ನೀರು ತರುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವಳು. ತಲೆಯ ಮೇಲೆ ಎರಡು ಕೊಡ, ಸೊಂಟದಲ್ಲಿ ಒಂದು. ನೀರು ಅಲುಗದಿರಲೆಂದು ಕೊಡದ ಬಾಯಿಗೆ ಹೊಂಗೆ ಸೊಪ್ಪು. ಅವಳು ನಡೆದರೆ ಕಿವಿಯೋಲೆಯೂ ಅಲುಗುತ್ತಿರಲಿಲ್ಲವಂತೆ. ಇಂಥವಳ ಹಿಂದೆ ಹೊಸ ಸೊಸೆ ಕುಪ್ಪಳಿಸುತ್ತಾ, ತೆಲುಗಿನಲ್ಲಿ ಏನೋ ಗುನುಗುತ್ತಾ, ಸೆರಗು ತೊಪ್ಪೆಯಾಗಿಸಿಕೊಂಡು ಅರ್ಧ ಕೊಡ ನೀರು ತಂದಳು. ಅತ್ತೆ ಮೂರು ದಿನ ಸಹಿಸಿದಳು.

"ಇನ್ಮ್ಯಾಲೆ ನೀನು ನೀರಿನ ತಂಟೆಗೆ ಬರಬ್ಯಾಡ ಕಣವ್ವ," ಎಂದಳು ನಾಲ್ಕನೆಯ ದಿನ. "ಸಗಣಿ ಎತ್ತು. ಅದು ಚೆಲ್ಲಿದ್ರೂ ನಡೀತೈತೆ."

ಮುದ್ದಕ್ಕ ಸಗಣಿ ಎತ್ತಿದಳು. ಅದನ್ನೂ ನಗುತ್ತಲೇ ಎತ್ತಿದಳಂತೆ. ಅವಳಿಗೆ ಅಳು ಬರುತ್ತಿದ್ದದ್ದು ಒಂದೇ ಕಾರಣಕ್ಕೆ, ಅದು ಗಂಡ ಸೂರಪ್ಪನ ಕಾಲು.

ನಾರುಹುಣ್ಣು ಎಂದರೆ ಈಗಿನವರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಒಳ್ಳೆಯದು. ಮುಂಗಾರಿಗೆ ಮೊದಲು ಕಾಲಲ್ಲಿ ಒಂದು ಬೊಬ್ಬೆ ಏಳುತ್ತಿತ್ತು, ಒಡೆಯುತ್ತಿತ್ತು, ಒಳಗಿನಿಂದ ಬಿಳಿ ದಾರದಂಥ ಹುಳ ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಬೆರಳಗಲ ಹೊರಗೆಳೆಯಬೇಕು. ಮೊಳಗಟ್ಟಲೆ ಉದ್ದ. ನಡುವೆ ತುಂಡಾದರೆ ಕಾಲು ಕೀವಾಗಿ ಊದಿಕೊಳ್ಳುತ್ತದೆ. ಸೂರಪ್ಪನ ಅಪ್ಪ ಸತ್ತದ್ದು ಹಾಗೆಯೇ. ಸೂರಪ್ಪ ಮೂರು ವರ್ಷ ಬಿಡದೆ ಬಿತ್ತನೆಯ ಹೊತ್ತಿಗೆ ಹಾಸಿಗೆ ಹಿಡಿದಿದ್ದ. ಮೂರನೆಯ ವರ್ಷ ಹುಳ ಮಂಡಿಯಲ್ಲೇ ಎದ್ದು, ಮಂಡಿ ಪೂರ್ತಿ ಮಡಿಸಲು ಬಾರದಂತಾಯಿತು. ಹೀಗೇ ವರ್ಷ ವರ್ಷವೂ ಬರುತ್ತಾ ಹೋದರೆ ಒಂದು ದಿನ ಅಪ್ಪನ ಹಾದಿಯೇ ಎಂದು ಮನೆಯವರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹದಿನೆಂಟನೆಯ ಇಸವಿಯ ಆ ದೊಡ್ಡ ಜ್ವರ ಬಂದು ಊರೂರು ಬರಿದಾಗುವುದಕ್ಕೆ ಎರಡು ವರ್ಷ ಮೊದಲಿನ ಮಾತಿದು. ಭಾದ್ರಪದದಲ್ಲಿ ಸಿಡುಬಿನ ಸೂಜಿ ಚುಚ್ಚಲು ಸರ್ಕಾರದ ಕಡೆಯ ಶಿವಮೂರ್ತಪ್ಪ ಎಂಬಾತ ಹಟ್ಟಿಗೆ ಬಂದ. ಸಣ್ಣ ದೇಹ, ದೊಡ್ಡ ರುಮಾಲು, ಮಾತು ಇನ್ನೂ ದೊಡ್ಡದು. ಕಟ್ಟೆಯ ಮೇಲೆ ಕುಳಿತವರ ಕಾಲುಗಳನ್ನು ಒಂದೊಂದಾಗಿ ನೋಡಿ ಕೇಳಿದ:

"ಈ ಹುಳ ಎಲ್ಲಿಂದ ಬರ್ತದೆ, ಗೊತ್ತೇನ್ರಿ ನಿಮಗೆ?"

"ನಮ್ಮ ಕರ್ಮದಿಂದ ಸ್ವಾಮಿ," ಎಂದಳು ಉಚ್ಚಂಗೆಮ್ಮ.

"ನಿಮ್ಮ ಬಾವಿಯಿಂದ ಕಣಮ್ಮ. ಹುಣ್ಣಾದ ಕಾಲನ್ನು ನೀರಲ್ಲಿ ಇಟ್ಟು ಕೊಡ ತುಂಬ್ತೀರಿ. ಹುಳ ಅಲ್ಲೇ ಮರಿ ಹಾಕ್ತದೆ. ನೀರಲ್ಲಿ ಕಣ್ಣಿಗೆ ಕಂಡೂ ಕಾಣದಂಥ ಪುಟ್ಟ ಪುಟ್ಟ ಜೀವ ಇರ್ತಾವೆ, ಅವು ಆ ಮರಿ ನುಂಗ್ತಾವೆ. ನೀವು ಅವನ್ನ ನೀರಿನ ಜೊತೆ ಕುಡೀತೀರಿ. ಒಂದು ವರ್ಷ ಅದು ನಿಮ್ಮ ಮೈಯಲ್ಲೇ ಬೆಳೆದು ಕಾಲಿಂದ ಹೊರಗೆ ಬರ್ತದೆ."

ಮುದ್ದಕ್ಕ ಸಗಣಿ ಪುಟ್ಟಿ ಹೊತ್ತು ಹೋಗುತ್ತಿದ್ದವಳು ನಿಂತಳು.

"ಇದಕ್ಕೆ ಏನು ಮಾಡಬೇಕು ಸ್ವಾಮಿ?"

"ಹುಣ್ಣು ಇರೋರು ಬಾವಿಗೆ ಇಳೀಬಾರದು, ಅದೊಂದು. ಇನ್ನೊಂದು, ಬಾವಿಗೆ ಮೀನುಮರಿ ಬಿಡಬೇಕು. ಆ ಪುಟ್ಟ ಜೀವಗಳನ್ನ ಮೀನು ತಿಂದು ಹಾಕ್ತಾವೆ. ನಾಯಕನಹಟ್ಟಿ ಕೆರೇಲಿ ಕ್ಯಾತಣ್ಣ ಅಂತ ಮೀನು ಹಿಡಿಯೋನು ಇದ್ದಾನೆ, ಅವನಿಗೆ ಹೇಳಿದೀನಿ. ಎರಡು ಹರದಾರಿ ದಾರಿ, ಹೊತ್ತು ತನ್ನಿ. ಮರಿ ಈ ಒಂದು ತಿಂಗಳು ಮಾತ್ರ ಸಿಗೋದು, ಆಮೇಲೆ ದೊಡ್ಡವಾಗಿಬಿಡ್ತಾವೆ. ಮೂರು ವಾರಕ್ಕೆ ಮೂರು ಸಲ ಕೊಡ್ತಾನೆ. ಅಷ್ಟರಲ್ಲಿ ಆಗದಿದ್ರೆ ಮರಿಯೆಲ್ಲ ಬೇರೆ ಊರಿಗೆ."

ಮೀನು ತರುವುದು ಯಾರು? ಅದರಲ್ಲಿ ಚರ್ಚೆಗೇನಿದೆ. ನೀರು ಹೊರುವುದರಲ್ಲಿ ಉಚ್ಚಂಗೆಮ್ಮನ ಮುಂದೆ ನಿಲ್ಲುವವರು ಯಾರು? ಮಗನ ಕಾಲಿನ ವಿಷಯ ಬೇರೆ. ಅವಳು ಹಿತ್ತಾಳೆ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಮುಖ ಕಾಣುವಂತೆ ತಿಕ್ಕಿದಳು. ಹೊಸ ಸೀರೆ ಉಟ್ಟಳು. ಕೆರೆಯಿಂದ ಬಿಂದಿಗೆ ತುಂಬ ನೀರು, ನೀರಿನ ತುಂಬ ಮರಿ, ಬಾಯಿಗೆ ಹೊಂಗೆ ಸೊಪ್ಪು, ಅದರ ಮೇಲೆ ಬಿಗಿಯಾಗಿ ಬಟ್ಟೆ. ಎರಡು ಹರದಾರಿಯನ್ನು ಅವಳು ತೊಟ್ಟು ನೀರು ಚೆಲ್ಲದೆ ನಡೆದಳು. ಊರೆಲ್ಲ ಬಾವಿಯ ಹತ್ತಿರ ನೆರೆದಿತ್ತು. ಯರ್ರಪ್ಪ ಉರುಮೆ ತಂದು ಬಾರಿಸುತ್ತಿದ್ದ. ಮುತ್ತೈದೆಯರು ಆರತಿ ಹಿಡಿದಿದ್ದರು, ಹೊಸ ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ಸಡಗರವೇ. ಉಚ್ಚಂಗೆಮ್ಮ ಬಿಂದಿಗೆ ಇಳಿಸಿ ಬಟ್ಟೆ ಬಿಚ್ಚಿದಳು, ಸೊಪ್ಪು ತೆಗೆದಳು.

ಮರಿಗಳೆಲ್ಲ ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು.

ಯರ್ರಪ್ಪನ ಕೈ ಉರುಮೆಯ ಮೇಲೆ ಹಾಗೆಯೇ ನಿಂತಿತು. ಆರತಿ ಹಿಡಿದವಳಿಗೆ ಬೆಳಗಬೇಕೋ ಬೇಡವೋ ತಿಳಿಯಲಿಲ್ಲ. ಒಂದು ಸುತ್ತು ಬೆಳಗಿಬಿಟ್ಟಳಂತೆ, ಸತ್ತ ಮೀನಿಗೆ.

ಹುಣಸೆ ಹುಳಿ ಹತ್ತಿದ ಹಿತ್ತಾಳೆ ಮೀನಿಗೆ ವಿಷ ಎಂದು ಶಿವಮೂರ್ತಪ್ಪ ಹೇಳಿ ಕಳಿಸಿದ. ಸರಿ, ಎರಡನೆಯ ವಾರ ಕುಂಬಾರನಿಂದ ದೊಡ್ಡ ಮಣ್ಣಿನ ಗಡಿಗೆ ಬಂತು. ಈ ಸಲ ಊರು ಇನ್ನೂ ಜಾಣವಾಯಿತು. ಹೊತ್ತರೆ ತಾನೆ ಅಲುಗುವುದು, ಗಾಡಿಯಲ್ಲಿ ತರೋಣ ಎಂದರು. ಗಾಡಿಗೆ ಹುಲ್ಲು ತುಂಬಿ, ನಡುವೆ ಗಡಿಗೆ ಕೂರಿಸಿ, ಎರಡೂ ಕಡೆ ದುಪ್ಪಟಿ ಒತ್ತಿ, ಪಕ್ಕದಲ್ಲಿ ಉಚ್ಚಂಗೆಮ್ಮ ಗಡಿಗೆಯನ್ನು ಅಪ್ಪಿಕೊಂಡು ಕುಳಿತಳು. ಎತ್ತುಗಳಿಗೂ ಮೆಲ್ಲಗೆ ನಡೆಯಲು ಹೇಳಲಾಯಿತು.

ಈ ಸಲ ಮುದ್ದಕ್ಕನೂ ಹೊರಟಿದ್ದಳು. ಗಂಡನ ಕಾಲಿಗಾಗಿ ನಾಯಕನಹಟ್ಟಿಯ ತಿಪ್ಪೇಸ್ವಾಮಿಗೆ ಕಾಯಿ ಒಡೆಸುತ್ತೇನೆಂದು ಹೇಳಿದ ಮೇಲೆ ಅತ್ತೆ ಬೇಡವೆನ್ನುವಂತಿರಲಿಲ್ಲ. ಗಡಿಗೆ ಮಾತ್ರ ಮುಟ್ಟಬಾರದು ಎಂಬ ಕರಾರಿತ್ತು. ಅವಳ ಕೈಯಲ್ಲಿದ್ದದ್ದು ದಾರಿಯಲ್ಲಿ ಕುಡಿಯಲು ಒಂದು ಹಳೆಯ ಮಣ್ಣಿನ ಚೆಂಬು.

ಕೆರೆಯ ದಡದಲ್ಲಿ ಕ್ಯಾತಣ್ಣ ಪಂಚೆ ಹಿಡಿದು ಮರಿ ಗೋರುತ್ತಿದ್ದ. ಅವನು ಬೆರಳುದ್ದದ ಬೀಡಿಯಷ್ಟೇ ಒಣಗಿದ ಮನುಷ್ಯ.

"ಹೋದ ಸಲ ಎಲ್ಲ ಸತ್ತವಲ್ಲ, ಯಾಕಣ್ಣ?" ಎಂದು ಮುದ್ದಕ್ಕ ಕೇಳಿದಳು.

"ನಾನು ಮೀನು ಸಾಯ್ಸೋನು ತಾಯಿ. ಬದುಕ್ಸೋದು ನನ್ನ ಕಸುಬಲ್ಲ," ಎಂದ ಕ್ಯಾತಣ್ಣ. ಅವಳು ಚೆಂಬಿನೊಳಗೆ ಇಣುಕುವುದನ್ನು ನೋಡಿ ಒಂದಾರು ಮರಿ ಅದಕ್ಕೂ ಹಾಕಿದ. "ತಗೋ, ದಾರಿ ಕಳೀಲಿ."

ಮುದ್ದಕ್ಕ ಗಾಡಿಯ ಹಿಂದೆ ನಡೆದಳು. ನಡೆದಳು ಎನ್ನುವುದು ದೊಡ್ಡ ಮಾತು. ನಾಲ್ಕು ಹೆಜ್ಜೆ, ಒಂದು ಕುಪ್ಪಳಿಕೆ, ಚೆಂಬಿನಿಂದ ಚಿಲ್ಲನೆ ನೀರು. ಹರದಾರಿ ಕಳೆಯುವುದರೊಳಗೆ ಚೆಂಬು ಮುಕ್ಕಾಲು ಖಾಲಿ. ಬಂಡೆಯ ಗುಂಡಿಯಲ್ಲಿ ನಿಂತ ತಿಳಿನೀರು ತುಂಬಿಕೊಂಡಳು. ಮತ್ತೆ ಚೆಲ್ಲಿದಳು, ಹಳ್ಳದಲ್ಲಿ ಮತ್ತೆ ತುಂಬಿದಳು. "ಪಿಲ್ಲಲು, ಪಿಲ್ಲಲು", ಮಕ್ಕಳೇ ಮಕ್ಕಳೇ, ಎಂದು ತೆಲುಗಿನಲ್ಲಿ ಅವನ್ನು ಮುದ್ದು ಮಾಡುತ್ತಾ ಬಂದಳು. ಗಾಡಿಯ ಮೇಲಿನಿಂದ ಅತ್ತೆ ಒಂದೆರಡು ಬಾರಿ ತಿರುಗಿ ನೋಡಿ ತಲೆ ಚಚ್ಚಿಕೊಂಡಳು.

ಬಾವಿಯ ಹತ್ತಿರ ಮತ್ತೆ ಊರು, ಮತ್ತೆ ಆರತಿ, ಮತ್ತೆ ಯರ್ರಪ್ಪನ ಉರುಮೆ. ಗಡಿಗೆಯ ಮುಚ್ಚಳ ತೆಗೆದರು, ಮತ್ತೆ ಬಿಳಿ ಹೊಟ್ಟೆಗಳೇ. ಯರ್ರಪ್ಪ ಈ ಸಲ ಕೈ ತಾನಾಗಿ ಇಳಿಸಿದ. ಆಗ ಹಿಂದಿನಿಂದ ಒಂದು ನಗು ಕೇಳಿತು. ಚೆಂಬಿನೊಳಗೆ ಮುಖವಿಟ್ಟು ಮುದ್ದಕ್ಕ ನಗುತ್ತಿದ್ದಳು.

"ನಗ್ತೀಯೇನೇ?" ಎಂದಳು ಉಚ್ಚಂಗೆಮ್ಮ. ಅವಳ ಕಣ್ಣಲ್ಲಿ ನೀರಿತ್ತು. "ನಿನ್ನ ಗಂಡನ ಕಾಲು ತೇಲ್ತಾ ಐತೆ ಇಲ್ಲಿ, ನಗ್ತೀಯೇನೇ?"

"ಆರೂ ಅದಾವೆ ಅತ್ತೆ," ಎಂದಳು ಮುದ್ದಕ್ಕ. "ಆರಕ್ಕೆ ಆರೂ ಓಡಾಡ್ತಾ ಅದಾವೆ."

ಆ ದಿನ ಶಿವಮೂರ್ತಪ್ಪನೂ ಬಂದಿದ್ದ. ಅವನು ಜನರನ್ನು ಸರಿಸಿ ಚೆಂಬು ನೋಡಿದ, ಗಡಿಗೆ ನೋಡಿದ, ಮತ್ತೆ ಚೆಂಬು ನೋಡಿದ. "ನೀನು ಹ್ಯಾಗೆ ತಂದೆಯಮ್ಮ ಇವನ್ನ?" ಎಂದು ಕೇಳಿದ.

"ಹೆಂಗೆ ಅಂದ್ರೆ ಹಿಂಗೆ," ಎಂದು ಮುದ್ದಕ್ಕ ನಾಲ್ಕು ಹೆಜ್ಜೆ ಇಟ್ಟು ಒಂದು ಕುಪ್ಪಳಿಸಿ ತೋರಿಸಿದಳು. ಶಿವಮೂರ್ತಪ್ಪನ ರುಮಾಲಿನ ಮೇಲೆ ಚೆಂಬಿನ ನೀರು ಬಿತ್ತು.

ಆತ ಬಾವಿಯ ಕಲ್ಲಿನ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿಸಿ ಹೇಳಿದ: "ನೀರಲ್ಲೂ ಉಸಿರು ಇರ್ತದೆ ಕಣ್ರಪ್ಪ. ಇಷ್ಟು ಮರಿಗಳು ಒಂದೇ ಗಡಿಗೇಲಿ ಇದ್ರೆ ಆ ಉಸಿರು ಬೇಗ ಮುಗಿದುಹೋಗ್ತದೆ. ನೀರು ಅಲುಗಿದ್ರೆ, ಚೆಲ್ಲಿ ಹೊಸ ನೀರು ಬಿದ್ರೆ, ಗಾಳಿ ಬೆರೆತು ಮತ್ತೆ ಉಸಿರು ತುಂಬ್ತದೆ. ನೀವು ಸೊಪ್ಪು ಮುಚ್ಚಿ, ಬಟ್ಟೆ ಕಟ್ಟಿ, ಅಲುಗದ ಹಾಗೆ ತಂದು ಕತ್ತು ಹಿಸುಕಿದ್ದೀರಿ. ನನಗೂ ಹೊಳೀಲಿಲ್ಲ, ನಾನೊಬ್ಬ ದಡ್ಡ."

"ಹಂಗಾದ್ರೆ ಚೆಲ್ಲೋದೂ ಒಂದು ವಿದ್ಯೆ ಆತೇನ್ರಿ ಸ್ವಾಮಿ?" ಎಂದಳು ಉಚ್ಚಂಗೆಮ್ಮ.

"ಆಯ್ತಮ್ಮ."

"ಅವಳ ಕೈಗೆ ಕೊಟ್ರೆ ನಾಯಕನಹಟ್ಟಿಯಿಂದ ಇಲ್ಲೀತನಕ ರಸ್ತೆಗೆ ನೀರು ಹೊಡೀತಾಳೆ, ಅಷ್ಟೆಯ. ಇನ್ನೊಂದೇ ಸಲ ಇರೋದು."

ಅಲ್ಲಿಯವರೆಗೆ ಬೇವಿನ ಮರಕ್ಕೆ ಒರಗಿ ಕುಳಿತಿದ್ದ ಸೂರಪ್ಪ ಬಾಯಿಬಿಟ್ಟ. ತಾಯಿಯ ಎದುರು ಅವನು ಮಾತಾಡಿದವನಲ್ಲ. "ಅವ್ವ, ಕಾಲು ನಂದು," ಎಂದ. "ಅವಳ ಕೈಗೆ ಕೊಡು."

ಮೂರನೆಯ ವಾರದ ಪ್ರಯಾಣವನ್ನು ಅಜ್ಜಿ ನೂರು ಸಲ ಹೇಳಿದ್ದಾಳೆ, ನೂರು ಸಲವೂ ಪೂರ್ತಿ ಹೇಳಲಾಗದೆ ನಗುತ್ತಾ ಬಿಟ್ಟಿದ್ದಾಳೆ. ನಾಲ್ವರು ಹೆಂಗಸರು, ನಾಲ್ಕು ಗಡಿಗೆ. ಪ್ರತಿಯೊಂದಕ್ಕೂ ಅರ್ಧ ನೀರು, ಕಡಿಮೆ ಮರಿ, ಬಾಯಿಗೆ ಏನೂ ಮುಚ್ಚಿಲ್ಲ. ಕೋಳಿ ಕೂಗುವ ಹೊತ್ತಿಗೇ ಹಟ್ಟಿ ಬಿಟ್ಟು, ಬಿಸಿಲೇರುವ ಮೊದಲು ಕೆರೆಯಿಂದ ಹಿಂದಿರುಗಿ ಹೊರಟರು. ಎಲ್ಲ ಸರಿ, ಆದರೆ ಮುದ್ದಕ್ಕನನ್ನು ಬಿಟ್ಟು ಉಳಿದ ಮೂವರಿಗೆ ಚೆಲ್ಲಲು ಬರಲಿಲ್ಲ. ಹುಟ್ಟಿದಾಗಿನಿಂದ ನೆಟ್ಟಗೆ ನಡೆದ ಕಾಲುಗಳವು. ಪಕ್ಕದ ಮನೆಯ ಬೋರಕ್ಕನಂತೂ ಕುಪ್ಪಳಿಸು ಎಂದರೆ ಇನ್ನೂ ಬಿಗಿಯಾಗಿ ಹೆಜ್ಜೆ ಇಡುತ್ತಿದ್ದಳು. ಗಡಿಗೆಯ ನೀರು ಕನ್ನಡಿಯಾಗಿ ನಿಂತುಬಿಟ್ಟಿತ್ತು.

"ಚೆಲ್ಲೇ ಬೋರಕ್ಕ," ಎಂದು ಮುದ್ದಕ್ಕ ಬೇಡಿಕೊಂಡಳು.

"ಬರಾಕಿಲ್ಲ ಕಣೇ. ನಮ್ಮವ್ವ ಸತ್ತು ಸ್ವರ್ಗದಾಗಿಂದ ನೋಡ್ತಾ ಇರ್ತಾಳೆ."

ಮುದ್ದಕ್ಕ ಅವಳ ಸೊಂಟ ಚಿವುಟಿದಳು. ಬೋರಕ್ಕ ಹಾರಿಬಿದ್ದಳು, ನೀರು ಅಲುಗಿತು, ಮರಿಗಳು ಚುರುಕಾದವು. ಆದರೆ ಎರಡು ಹರದಾರಿ ಚಿವುಟಿಕೊಂಡೇ ಹೋಗುವುದಕ್ಕಾಗುತ್ತದೆಯೇ? ಕೊನೆಗೆ ದಾರಿ ತೋರಿಸಿದ್ದು ಯರ್ರಪ್ಪ. ಎರಡು ಸಲ ಅವಮಾನವಾಗಿದ್ದ ಆತ ಉರುಮೆಯನ್ನು ಹೆಗಲಿಗೆ ಹಾಕಿಕೊಂಡೇ ಜೊತೆಗೆ ಬಂದಿದ್ದ. ಅವನು ಬಾರಿಸಲು ಶುರುಮಾಡಿದ. ಉರುಮೆ ಕೇಳಿದರೆ ನಮ್ಮ ಕಡೆಯವರ ಕಾಲು ಹೇಳಿದ ಮಾತು ಕೇಳುವುದಿಲ್ಲ. ಮೂವರೂ ಕುಣಿಯತೊಡಗಿದರು. ತಲೆಯಿಂದ ನೀರು ಮುಖಕ್ಕೆ, ಮುಖದಿಂದ ಸೀರೆಗೆ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಬದುವಿನ ಮೇಲೆ ಬಂದು ನಿಂತರು. ಯಾವ ದೇವರ ಮೆರವಣಿಗೆ ಎಂದು ಒಬ್ಬ ಕೇಳಿದನಂತೆ. ಮೀನಿನದು ಎಂದರೆ ಅವನು ಕೈ ಮುಗಿದನಂತೆ.

ಬಂಡೆಯ ಗುಂಡಿಯ ತಿಳಿನೀರಿನಲ್ಲಿ ನಾಲ್ವರೂ ತುಂಬಿಕೊಂಡರು. ಹಳ್ಳದಲ್ಲಿ ಮಾತ್ರ ರಾತ್ರಿ ಎಲ್ಲೋ ಮಳೆಯಾಗಿ ಕೆಂಪು ನೀರು ಹರಿಯುತ್ತಿತ್ತು. ಮುದ್ದಕ್ಕ ಕೈಯಲ್ಲಿ ಎತ್ತಿ ನೋಡಿ ಬೇಡವೆಂದಳು. ಚೆಲ್ಲುವ ಹುರುಪು ಆಗಲೇ ತಲೆಗೇರಿದ್ದ ಬೋರಕ್ಕ ಕೇಳದೆ ತುಂಬಿಕೊಂಡಳು. ಸ್ವಲ್ಪ ಹೊತ್ತಿಗೆಲ್ಲ ಅವಳ ಮರಿಗಳು ಕಿವಿರಿನಲ್ಲಿ ಮಣ್ಣು ಸಿಕ್ಕಿ ಬಾಯಿ ಬಾಯಿ ಬಿಡತೊಡಗಿದವು. ಎಲ್ಲರೂ ತಮ್ಮ ತಮ್ಮ ಗಡಿಗೆಯಿಂದ ಒಂದಿಷ್ಟು ತಿಳಿನೀರು ಕೊಟ್ಟರೂ ಅರ್ಧಕ್ಕರ್ಧ ಸತ್ತವು. ಬೋರಕ್ಕ ಹಳ್ಳದ ದಂಡೆಯಲ್ಲಿ ಕುಳಿತು ಅತ್ತಳು. ಮುದ್ದಕ್ಕ ಅವಳನ್ನು ಎಬ್ಬಿಸಿ, ಉಳಿದ ಅರ್ಧವನ್ನು ತಲೆಗೆ ಹೊರಿಸಿ ಮತ್ತೆ ಕುಣಿಸಿಕೊಂಡು ಬಂದಳು.

ಬಾವಿಯ ಹತ್ತಿರ ಬಂದಾಗ ಈ ಸಲ ಆರತಿ ಇರಲಿಲ್ಲ. ಸತ್ತದ್ದಕ್ಕೆ ಮತ್ತೆ ಬೆಳಗಲು ಯಾರಿಗೂ ಧೈರ್ಯವಿರಲಿಲ್ಲ. ಗಡಿಗೆಯೊಳಗೆ ಓಡಾಡುವ ಮರಿಗಳನ್ನು ಕಂಡು ಜನ ಒಮ್ಮೆಗೇ ಮೇಲೆ ಬಿದ್ದರು, ಸುರಿ ಸುರಿ ಎಂದರು. ಮುದ್ದಕ್ಕ ಸುರಿಯಲಿಲ್ಲ. ಮಣ್ಣಿನ ಗಡಿಗೆಯ ನೀರು ದಾರಿಯ ಗಾಳಿಗೆ ತಣ್ಣಗಾಗಿತ್ತು, ಬಾವಿಯ ಮೇಲಿನ ನೀರು ಮಧ್ಯಾಹ್ನದ ಬಿಸಿಲಿಗೆ ಬೆಚ್ಚಗಿತ್ತು. ಕೂಸಿಗೆ ನೀರು ಹಾಕುವ ಮೊದಲು ಮೊಣಕೈ ಅದ್ದಿ ನೋಡುವುದಿಲ್ಲವೇ, ಹಾಗೆ ಅವಳು ಒಂದು ಮೊಣಕೈಯನ್ನು ಗಡಿಗೆಯಲ್ಲೂ ಒಂದನ್ನು ಬಾವಿಯಲ್ಲೂ ಅದ್ದಿ ನೋಡಿದಳು. "ಇನ್ನೂ ಇಲ್ಲ" ಎಂದಳು. ಗಡಿಗೆಯನ್ನು ಕತ್ತಿನವರೆಗೆ ಬಾವಿಯಲ್ಲಿ ಮುಳುಗಿಸಿ ಹಿಡಿದು, ಬೊಗಸೆ ಬೊಗಸೆಯಾಗಿ ಬಾವಿಯ ನೀರನ್ನು ಅದಕ್ಕೆ ಹಾಕುತ್ತಾ ಕುಳಿತಳು. ಜನ ಬೈದರು, ಆಕಳಿಸಿದರು, ಕೆಲವರು ಉಣ್ಣಲು ಹೋಗಿಬಂದರು. ಎರಡೂ ನೀರು ಒಂದಾಯಿತೆಂದು ಮೊಣಕೈ ಹೇಳಿದ ಮೇಲೆ ಗಡಿಗೆ ವಾಲಿಸಿದಳು. ಮರಿಗಳು ತಾವಾಗಿ ಹೊರಟು ಕಲ್ಲಿನ ಸಂದಿಗಳ ಕಡೆ ಓಡಿದವು. ಯರ್ರಪ್ಪ ಆ ದಿನ ಉರುಮೆಯ ಚರ್ಮ ಹರಿಯುವ ತನಕ ಬಾರಿಸಿದ.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ನಿಮಗೆ ನಮ್ಮ ಬೇಸಿಗೆ ಗೊತ್ತಿಲ್ಲ. ಮಾಘ ಕಳೆಯಿತು, ನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಚೈತ್ರದಲ್ಲಿ ಬಾವಿಯ ತಳದಲ್ಲಿ ಒಂದು ಕೋಣೆಯಷ್ಟು ನೀರು, ಅದೂ ಬೆಚ್ಚಗೆ, ಅದರ ತುಂಬ ಬೆರಳುದ್ದ ಬೆಳೆದ ಮೀನು. ಒಂದು ಮುಂಜಾನೆ ಮುದ್ದಕ್ಕ ಇಳಿದು ನೋಡಿದರೆ ಎಲ್ಲವೂ ನೀರಿನ ಮೇಲೆ ಬಾಯಿ ಹಾಕಿ ಗಾಳಿ ಹುಡುಕುತ್ತಿದ್ದವು. ಅವಳು ಕೊಡ ತುಂಬಿ ಆರು ಮೆಟ್ಟಿಲು ಹತ್ತಿ, ಅಲ್ಲಿಂದ ನೀರನ್ನು ಎತ್ತರದಿಂದ ಬಾವಿಗೇ ಹುಯ್ದಳು. ನೊರೆ ಎದ್ದಿತು, ಮೀನುಗಳು ಆ ನೊರೆಯ ಸುತ್ತ ಸೇರಿದವು. ಅಂದಿನಿಂದ ದಿನ ಬೆಳಗಾಗುವ ಮೊದಲು ಅವಳದು ಇದೇ ಕೆಲಸ. ಐವತ್ತು ಕೊಡ ತುಂಬುವುದು, ಹತ್ತುವುದು, ಹುಯ್ಯುವುದು. ನೀರಿನ ಮೇಲೆ ನೆರಳಿಗೆ ಈಚಲ ಗರಿಯ ಚಪ್ಪರವನ್ನೂ ಇಳಿಬಿಟ್ಟಳು.

"ಬಾವಿ ನೀರು ಎತ್ತಿ ಬಾವಿಗೇ ಹುಯ್ಯೋ ಸೊಸೇನ ತಂದೀನಿ," ಎಂದು ಉಚ್ಚಂಗೆಮ್ಮ ಕಂಡಕಂಡವರಿಗೆ ಹೇಳುತ್ತಿದ್ದಳು. ಒಂದು ಕೊಡ ಹುಯ್ಯಲೂ ಅವಳು ಕೈಹಾಕಲಿಲ್ಲ. ಆದರೆ ಈಗ ಮುದ್ದಕ್ಕನನ್ನು ಸಗಣಿ ಎತ್ತಲು ಕಳಿಸುವುದನ್ನು ಬಿಟ್ಟಿದ್ದಳು.

ಮೀನು ಬದುಕಿದವು. ಮುಂಗಾರು ಬಂತು. ನಾರುಹುಣ್ಣೂ ಬಂತು.

ಹೋದ ವರ್ಷದಷ್ಟೇ ಬಂತು. ಸೂರಪ್ಪನಿಗೆ ಪಾದದ ಗಂಟಿನಲ್ಲಿ ಎದ್ದಿತು. ಊರಿನವರು ಸಿಟ್ಟಿಗೆದ್ದರು. ವರ್ಷವಿಡೀ ಮೀನಿನ ನೀರು ಕುಡಿದದ್ದು ಇದಕ್ಕೇನಾ ಎಂದು ಹತ್ತು ಜನ ಬಲೆ ಹಿಡಿದು ಬಾವಿಗೆ ಬಂದರು, ಸಾರಾದರೂ ಆಗಲಿ ಎಂದರು. ಮುದ್ದಕ್ಕ ಮೆಟ್ಟಿಲಿನ ಮೇಲೆ ಕೈಚಾಚಿ ಅಡ್ಡ ನಿಂತಳು. ಈ ವರ್ಷ ಬಂದ ಹುಳ ಮೀನು ಬರುವುದಕ್ಕೆ ಮೊದಲೇ ಕುಡಿದದ್ದು, ಒಂದು ವರ್ಷ ಮೈಯಲ್ಲಿ ಬೆಳೆದು ಬರುತ್ತದೆಂದು ಶಿವಮೂರ್ತಪ್ಪನೇ ಹೇಳಿರಲಿಲ್ಲವೇ ಎಂದು ಕೂಗಿ ಕೂಗಿ ಹೇಳಿದಳು. ಯಾರೂ ಕೇಳಲಿಲ್ಲ. ಆಗ ಹಿಂದಿನಿಂದ ಉಚ್ಚಂಗೆಮ್ಮ ಬಂದು ಸೊಸೆಯ ಪಕ್ಕ ನಿಂತಳು.

"ನನ್ನ ಮಗ ಅಲ್ಲಿ ಕಡ್ಡಿಗೆ ಹುಳ ಸುತ್ಕೊಂಡು ಮಲಗವ್ನೆ," ಎಂದಳು. "ನಾನೇ ಕಾಯ್ತೀನಿ ಅಂದ್ಮ್ಯಾಲೆ ನಿಮಗೇನ್ರಲೇ ಅವಸರ? ಇನ್ನೊಂದು ಮುಂಗಾರು ನೋಡಾನ. ಬಲೆ ಮಡಚ್ಕೊಳ್ರಿ."

ಬಲೆಗಳು ಹಿಂದಕ್ಕೆ ಹೋದವು. ಆ ವರ್ಷ ಹುಣ್ಣಾದವರನ್ನು ಬಾವಿಗೆ ಇಳಿಯಲು ಉಚ್ಚಂಗೆಮ್ಮ ಬಿಡಲಿಲ್ಲ. ಅವರ ಮನೆಗಳಿಗೆ ತಾನೇ ನೀರು ಹೊತ್ತು ಹಾಕಿದಳು.

ಎರಡನೆಯ ಮುಂಗಾರು ಹತ್ತಿರವಾದಂತೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟು ಕಾಲು ನೋಡತೊಡಗಿದರು. ಮುದ್ದಕ್ಕ ಪ್ರತಿದಿನ ಬೆಳಗ್ಗೆ ಗಂಡನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಮಂಡಿ, ಗಂಟು, ಬೆರಳ ಸಂದಿ ಎಲ್ಲ ತಡವಿ ನೋಡುತ್ತಿದ್ದಳು. ಅವನು ಕಚಗುಳಿಯಾಗಿ ಒದೆಯುತ್ತಿದ್ದ. ಒಮ್ಮೆ ಹೆಬ್ಬೆರಳ ಪಕ್ಕದಲ್ಲಿ ಗುಳ್ಳೆ ಎದ್ದಿತು. ಮನೆಯಲ್ಲಿ ಮೂರು ದಿನ ಯಾರಿಗೂ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಅದು ಹೊಸ ಮೆಟ್ಟು ಕಚ್ಚಿ ಎದ್ದ ಗುಳ್ಳೆಯೆಂದು ಗೊತ್ತಾಯಿತು. ಮುದ್ದಕ್ಕ ಆ ಮೆಟ್ಟಿಗೆ ಕುಂಕುಮ ಇಟ್ಟಳು.

ಮಳೆ ಬಿತ್ತು. ಸೂರಪ್ಪ ಐದು ವರ್ಷದಲ್ಲಿ ಮೊದಲ ಬಾರಿಗೆ ತಾನೇ ಕೂರಿಗೆ ಹಿಡಿದ. ಮಂಡಿ ಸ್ವಲ್ಪ ಎಳೆಯುತ್ತಿತ್ತು, ಆದರೂ ಸಾಲು ನೆಟ್ಟಗೆ ಬಂತು. ಪಕ್ಕದಲ್ಲಿ ಸಜ್ಜೆಯ ಬೀಜ ಬಿಡುತ್ತಾ ಮುದ್ದಕ್ಕ ಹೆಜ್ಜೆ ಹಾಕಿದಳು. ಊರಿನಲ್ಲಿ ಆ ವರ್ಷ ನಾರು ಎದ್ದದ್ದು ಇಬ್ಬರಿಗೆ ಮಾತ್ರ, ಅವರಿಬ್ಬರೂ ಹೊರಗೆ ದುಡಿಯಲು ಹೋಗಿ ಬಂದವರು. ನಮ್ಮ ಮನೆಯಲ್ಲಿ ಯಾರಿಗೂ ಏಳಲಿಲ್ಲ. ಹೊಲದಿಂದ ಬರುತ್ತಾ ಮುದ್ದಕ್ಕನಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲವಂತೆ. ಅಷ್ಟು ಸಂತೋಷ ಜೀವನದಲ್ಲಿ ಮತ್ತೆ ಆಗಲಿಲ್ಲ ಎನ್ನುತ್ತಿದ್ದಳು.

ಹಾಗೆ ಕುಣಿಯುತ್ತಾ ಬಾವಿಯ ಹತ್ತಿರ ಬಂದಾಗ ಮೇಲಿನ ಮೆಟ್ಟಿಲಿನ ಮೇಲೆ ಉಚ್ಚಂಗೆಮ್ಮ ಕುಳಿತಿದ್ದಳು. ಪಕ್ಕದಲ್ಲಿ ಖಾಲಿ ಕೊಡ.

"ಯಾಕ್ರಿ ಅತ್ತೆ, ಹಿಂಗೆ ಕುಂತ್ರಿ? ನಮ್ಮ ಮನ್ಯಾಗೆ ಯಾರಿಗೂ ಇಲ್ಲ ಈ ಸಲ."

"ಹೌದು ಕಣವ್ವ. ಯಾರಿಗೂ ಇಲ್ಲ." ಉಚ್ಚಂಗೆಮ್ಮ ಬಾವಿಯನ್ನೇ ನೋಡುತ್ತಿದ್ದಳು. "ಅಂದ್ರೆ ಆ ಶಿವಮೂರ್ತಪ್ಪ ಹೇಳಿದ್ದು ಖರೇವು. ಹುಳ ನೀರಾಗೇ ಇತ್ತು."

"ಹೌದ್ರಿ."

"ನಿನ್ನ ಮಾವ ನಾನು ತಂದ ನೀರು ಬಿಟ್ರೆ ಬ್ಯಾರೆಯವರು ತಂದದ್ದು ಕುಡೀತಿರಲಿಲ್ಲ. ಉಚ್ಚಂಗಿ ತಂದ್ರೆ ಕೊಡ ತುಂಬಿರ್ತೈತೆ ಅಂತ ಹತ್ತು ಜನರ ಮುಂದೆ ಹೇಳ್ತಿದ್ರು. ನಾನೂ ಹಿಗ್ತಿದ್ದೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಒಂದು ಹನಿ ಚೆಲ್ಲಲಿಲ್ಲ ಕಣೇ ನಾನು. ಎಲ್ಲಾನೂ ತಂದು ಕುಡಿಸಿದೆ."

ಮುದ್ದಕ್ಕ ಅತ್ತೆಯ ಪಕ್ಕದಲ್ಲಿ ಕುಳಿತು ತಾನೂ ಅತ್ತಳು. "ಬಾಯಾರಿದೋರಿಗೆ ನೀರು ಕೊಟ್ರಿ ಅತ್ತೆ, ನಿಮಗೇನು ಗೊತ್ತಿತ್ತು," ಎಂದಳು.

ಉಚ್ಚಂಗೆಮ್ಮ ಎದ್ದು ಕೊಡ ತೆಗೆದುಕೊಂಡಳು. ಮಳೆ ಆಗಷ್ಟೇ ಶುರುವಾಗಿ ಬಾವಿ ಇನ್ನೂ ತುಂಬಿರಲಿಲ್ಲ. ಮೂವತ್ತೈದು ಮೆಟ್ಟಿಲು ಇಳಿದು, ತಳದ ನೀರಿನಲ್ಲಿ ಕೊಡ ತುಂಬಿದಳು, ಆರು ಮೆಟ್ಟಿಲು ಹತ್ತಿ ನಿಂತಳು. ಕೊಡವನ್ನು ತಲೆಯ ಎತ್ತರಕ್ಕೆ ಎತ್ತಿ, ಎರಡೂ ಕೈಯಲ್ಲಿ ಬಾವಿಗೆ ಹುಯ್ದಳು. ಅಭ್ಯಾಸವಿರಲಿಲ್ಲ, ಅರ್ಧ ನೀರು ಅವಳ ಮೈಮೇಲೆಯೇ ಬಿತ್ತು. ಮೀನುಗಳು ನೊರೆಯ ಕಡೆಗೆ ಬಂದವು.

"ಇಷ್ಟು ಸಾಕೇನೇ?" ಎಂದು ಕೆಳಗಿನಿಂದ ಕೇಳಿದಳು.

"ಇನ್ನೊಂದು ಕೊಡ ಹುಯ್ರಿ ಅತ್ತೆ," ಎಂದಳು ಮುದ್ದಕ್ಕ.

ಉಚ್ಚಂಗೆಮ್ಮ ಮತ್ತೆ ಇಳಿದಳು.